ಸನತ್‌ನಗರದ ಕಂಪ್ಯೂಟರ್ ದೇಶ ಬಿಟ್ಟದ್ದು

ಗುರುಸಿದ್ದಪ್ಪ ಹೈದರಾಬಾದಿನಲ್ಲಿ ಕೆಲಸ ಮಾಡುವ ಕಾರ್ಖಾನೆಯಲ್ಲಿ ಏನು ತಯಾರಾಗುತ್ತದೆಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ. ರಕ್ಷಣಾ ಇಲಾಖೆಗೆ ಸೇರಿದ್ದು ಅನ್ನುವುದಷ್ಟೇ ಗೊತ್ತು. ಮದುವೆಯಾದ ಹೊಸದರಲ್ಲಿ ಸುಭದ್ರಾ ಬೆನ್ನುಬಿದ್ದು ಕೇಳಿದಾಗ "ದುಂಡಗಿರತೈತಿ" ಅಂದಿದ್ದ. ಅಷ್ಟು ಬಾಯಿಬಿಟ್ಟಿದ್ದಕ್ಕೇ ಆಮೇಲೆ ಬಹಳ ದಿನ ಗೇಟಿನ ಕಾವಲುಗಾರನ ಕಣ್ಣು ತಪ್ಪಿಸಿ ಓಡಾಡಿದ್ದ.

ಇಂಥ ಮನುಷ್ಯನ ಮನೆಗೆ ಸುಭದ್ರಾಳ ತಮ್ಮ ವೈಜನಾಥ ಒಂದು ಭಾನುವಾರ ದೊಡ್ಡ ರಟ್ಟಿನ ಡಬ್ಬಿ ತಂದು ಇಳಿಸಿದ. ವೈಜನಾಥನದು ಕೋಠಿಯಲ್ಲಿ ಬಟ್ಟೆ ಅಂಗಡಿ. ಗಚ್ಚಿಬೌಲಿಯಲ್ಲಿ ಯಾವುದೋ ಕಂಪನಿ ಪರದೇಶದ ಮಂದಿಗೆಂದು ಇಟ್ಟಿದ್ದ ಅತಿಥಿಗೃಹ ಮುಚ್ಚುತ್ತಿತ್ತು. ಪರದೆ ಬಿಚ್ಚಿಕೊಂಡು ಬರಲು ಹೋದವನಿಗೆ ಅಲ್ಲಿನ ಮ್ಯಾನೇಜರು, ಅತಿಥಿಗಳು ಬಿಟ್ಟುಹೋದ ಡಿವಿಡಿಗಳನ್ನೂ ಹೊರಿಸಿ ಕಳಿಸಿದ್ದ.

"ನಿಮ್ಮನ್ಯಾಗ ಕಂಪ್ಯೂಟರ್ ಐತಲ್ಲ ಮಾವಾರ, ನೋಡ್ರಿ. ಜಗತ್ತೆಲ್ಲಾ ಇದರಾಗ ಐತಿ," ಅಂದ ವೈಜನಾಥ, ಚಹಾ ಕುಡಿದು ಹೋದ.

ತೆಲಂಗಾಣ ಬೇರೆ ರಾಜ್ಯವಾಗಿ, ಗಾಡಿಗಳ ನಂಬರ್ ಪ್ಲೇಟಿನ ಮೇಲೆ ಎಪಿ ಹೋಗಿ ಟಿಎಸ್ ಬರುತ್ತಿದ್ದ ಕಾಲ ಅದು. ಗುರುಸಿದ್ದಪ್ಪನ ಮನೆಯ ಕಂಪ್ಯೂಟರ್ ಹಾಲಿನ ಮೂಲೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕೂತಿರುತ್ತಿತ್ತು. ಅದನ್ನು ಬಳಸುತ್ತಿದ್ದವಳು ಡಿಗ್ರಿ ಓದುತ್ತಿದ್ದ ಮಗಳು ಲಹರಿ ಒಬ್ಬಳೇ. ಡಬ್ಬಿಗೆ ಮೊದಲು ಕೈಹಾಕಿದವಳು ಮಾತ್ರ ಗುರುಸಿದ್ದಪ್ಪನ ತಾಯಿ ಗೋದಾಬಾಯಿ. ಕೈಗೆ ಬಂದ ಡಿವಿಡಿಯ ಮೇಲೆ ಗೂಳಿಗಳಂಥ ಇಬ್ಬರು ಗಂಡಸರು ಲಂಗೋಟಿ ಬಿಗಿದು ಒಬ್ಬರಿಗೊಬ್ಬರು ತಲೆ ಕೊಟ್ಟು ನಿಂತಿದ್ದರು. ಗೋದಾಬಾಯಿಯ ಗಂಡ ಜಮಖಂಡಿ ಕಡೆ ಹೆಸರಾದ ಪೈಲ್ವಾನ. ಆತ ತೀರಿಕೊಂಡ ಮೇಲೆ ಆಕೆ ಕುಸ್ತಿ ನೋಡಿರಲಿಲ್ಲ.

"ಲಹರೀ, ಇದನ್ನ ಹಚ್ಚವಾ," ಅಂದಳು.

ಲಹರಿ ಹಚ್ಚಿದಳು. ಡ್ರೈವ್ ಗುರ್ರೆಂದು ತಿರುಗಿತು, ನಿಂತಿತು. ಪರದೆಯ ಮೇಲೆ ನಾಲ್ಕು ಸಾಲು ಬಂದವು.

"ಆಗೂದಿಲ್ಲಂತ ಆಯಿ. ಇದು ಜಪಾನಿಂದು, ಎರಡನೇ ಪ್ರದೇಶದ ಡಿಸ್ಕ್. ನಮ್ಮ ಡ್ರೈವ್ ಐದನೇ ಪ್ರದೇಶದಾಗ ಐತಿ."

"ನಮ್ಮ ಡ್ರೈವ್ ಸನತ್‌ನಗರದಾಗ ಐತಿ," ಅಂದ ಗುರುಸಿದ್ದಪ್ಪ, ಪೇಪರಿನಿಂದ ತಲೆ ಎತ್ತದೆ.

ಲಹರಿ ಬಿಡಿಸಿ ಹೇಳಿದಳು. ಸಿನಿಮಾ ಕಂಪನಿಯವರು ಜಗತ್ತನ್ನು ತುಂಡು ಮಾಡಿ ಹಂಚಿಕೊಂಡಿದ್ದಾರೆ. ಅಮೆರಿಕ ಒಂದು. ಯುರೋಪು, ಜಪಾನು ಎರಡು. ಕೊರಿಯಾ ಕಡೆಯವರು ಮೂರು. ಆಸ್ಟ್ರೇಲಿಯಾ ಮತ್ತು ದಕ್ಷಿಣ ಅಮೆರಿಕ ನಾಲ್ಕು. ನಾವು, ರಷ್ಯಾ, ಆಫ್ರಿಕಾ ಐದು. ಚೀನಾ ಆರು. ಒಂದು ಕಡೆ ಮಾರಿದ ಡಿಸ್ಕ್ ಇನ್ನೊಂದು ಕಡೆ ಓಡಬಾರದು ಅಂತ ಈ ಬೇಲಿ. ಕಂಪ್ಯೂಟರಿನ ಡ್ರೈವಿಗೆ ಪ್ರದೇಶ ಬದಲಿಸುವ ಸವಲತ್ತು ಇದೆ, ಆದರೆ ಒಟ್ಟು ಐದೇ ಸಲ. ಅಂಗಡಿಯವನು ಇಂಡಿಯಾಕ್ಕೆ ಇಟ್ಟುಕೊಡುವಾಗಲೇ ಒಂದು ಹೋಗಿದೆ. ಉಳಿದ ನಾಲ್ಕೂ ಮುಗಿದ ಮೇಲೆ ಎಲ್ಲಿರುತ್ತದೋ ಅಲ್ಲೇ ಕಾಯಂ.

"ಕಾಯಂ ಅಂದ್ರ?"

"ಕಾಯಂ ಅಂದ್ರ ಕಾಯಂ, ಅಪ್ಪಾ. ಕಂಪ್ಯೂಟರ್ ಅಳಿಸಿ ಹೊಸದಾಗಿ ತುಂಬಿದ್ರೂ ಅದು ಮರಿಯೂದಿಲ್ಲ. ಡ್ರೈವಿನ ಹೊಟ್ಟಿಯಾಗ ಬರಕೊಂಡಿರತೈತಿ."

ಗುರುಸಿದ್ದಪ್ಪ ಪೇಪರ್ ಮಡಿಚಿಟ್ಟ. ಇಷ್ಟು ಗಂಭೀರವಾದ ವಸ್ತು ತನ್ನ ಮನೆಯಲ್ಲಿ ಇಷ್ಟು ವರ್ಷ ಕಸೂತಿ ಬಟ್ಟೆ ಹೊದ್ದುಕೊಂಡು ಸುಮ್ಮನೆ ಕೂತಿತ್ತಲ್ಲ ಅಂತ ಅವನಿಗೆ ಗೌರವ ಹುಟ್ಟಿತು.

"ಬ್ಯಾರೆ ದಾರಿನೂ ಐತಿ," ಲಹರಿ ಅಂದಳು. "ಪುಕ್ಕಟೆ ಸಾಫ್ಟ್‌ವೇರ್ ಒಂದೈತಿ. ಅದು ಪ್ರದೇಶ ಕೇಳೂದೇ ಇಲ್ಲ. ಕೆಲವು ಡ್ರೈವಿನಾಗ ನಡಿತೈತಿ."

"ಅಂದ್ರ ಪಾಸ್‌ಪೋರ್ಟ್ ಇಲ್ಲದ ಗಡಿ ದಾಟೂದು. ನನ್ನ ನೌಕರಿ ಎಂಥಾದ್ದಂತ ಗೊತ್ತೈತಿಲ್ಲ ನಿನಗ?"

"ಇಲ್ಲ. ನೀವು ಹೇಳೇ ಇಲ್ಲ."

ಗುರುಸಿದ್ದಪ್ಪ ಅಲ್ಲೇ ತೀರ್ಮಾನ ಕೊಟ್ಟ. ನಾಲ್ಕು ಅವಕಾಶ. ತಾಯಿಗೆ ಒಂದು, ಲಹರಿಗೆ ಒಂದು, ತನಗೊಂದು. ಕೊನೆಯದು ವಾಪಸ್ ಇಂಡಿಯಾಕ್ಕೆ ಬರಲು. ಅದನ್ನು ಯಾರೂ ಮುಟ್ಟುವಂತಿಲ್ಲ. ಸುಭದ್ರಾ ಆಗ ಅಡುಗೆಮನೆಯಲ್ಲಿ ಮೆಣಸಿನಕಾಯಿ ಭಜಿ ಕರಿಯುತ್ತಿದ್ದಳು. "ಅವ್ವಗ?" ಅಂತ ಲಹರಿ ಕೇಳಿದ್ದಕ್ಕೆ, "ಆಕೀಗೆ ಇಂಥಾ ಹುಚ್ಚಿಲ್ಲ," ಅಂದ.

ಮನೆ ಜಪಾನಿಗೆ ಹೋಯಿತು. ಲಹರಿ ಒತ್ತುವ ಮೊದಲು ಗೋದಾಬಾಯಿ ಕಂಪ್ಯೂಟರಿಗೆ ಊದುಬತ್ತಿ ಬೆಳಗಿ, "ಹುಷಾರಾಗಿ ಹೋಗಪಾ," ಅಂದಳು. ಆಮೇಲೆ ಪ್ರತಿದಿನ ಮಧ್ಯಾಹ್ನ ಊಟವಾದ ಮೇಲೆ ಆಕೆ ಕುರ್ಚಿ ಎಳೆದುಕೊಂಡು ಆ ದೈತ್ಯರ ಕುಸ್ತಿ ನೋಡಿದಳು. ಅವರು ಅಖಾಡಕ್ಕೆ ಉಪ್ಪು ಎರಚುವುದನ್ನು ಕಂಡು, "ದೃಷ್ಟಿ ತೆಗಿಯಾಕತ್ತಾರ, ಒಳ್ಳೇ ಮಂದಿ," ಅಂತ ಮೆಚ್ಚಿದಳು. ಅವರಲ್ಲಿ ಒಬ್ಬ ಕಿವಿ ಮುದುಡಿದ ಪೈಲ್ವಾನನಿಗೆ ಥೇಟ್ ತನ್ನ ಗಂಡನ ನಡಿಗೆ ಇತ್ತು. ಅವನು ಬಂದಾಗ ಮಾತ್ರ ಆಕೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಸ್ವಲ್ಪ ದಿನಕ್ಕೆ ಲಹರಿಯ ಪಾಳಿ ಬಂತು. ಡಬ್ಬಿಯಲ್ಲಿ ಕೊರಿಯಾದ ಧಾರಾವಾಹಿಯೊಂದರ ಡಿಸ್ಕುಗಳ ದಪ್ಪ ಕಟ್ಟು ಇತ್ತು. ಕಾಲೇಜಿನ ಗೆಳತಿಯರೆಲ್ಲ ಅಂಥವಕ್ಕೆ ಪ್ರಾಣ ಬಿಡುತ್ತಿದ್ದರು. ಮನೆ ಮೂರನೇ ಪ್ರದೇಶಕ್ಕೆ ದಾಟಿತು. ಮರುದಿನ ಗೋದಾಬಾಯಿ ತನ್ನ ಡಿಸ್ಕ್ ಹಚ್ಚಿಸಿಕೊಂಡರೆ ಅದು ಓಡಲಿಲ್ಲ.

"ಯಾಕ? ನಿನ್ನೆ ಇದ್ರಲ್ಲ ಅವರು?"

"ನಾವು ಈಗ ಕೊರಿಯಾದಾಗ ಅದೀವಿ ಆಯಿ."

"ಅಲ್ಲಿಂದ ಅವರೂರು ಭಾಳ ದೂರೇನು?"

"ದೂರಿಲ್ಲ. ನಡುವ ಸಮುದ್ರ ಐತಿ."

ಗೋದಾಬಾಯಿ ಆ ದಿನ ಸಂಜೆ ಊಟ ಮಾಡಲಿಲ್ಲ. ಆಮೇಲೆ ಮೊಮ್ಮಗಳ ಪಕ್ಕ ಕೂತು ಕೊರಿಯಾದ ಧಾರಾವಾಹಿ ನೋಡತೊಡಗಿದಳು. ಅದರಲ್ಲಿ ಅತ್ತೆ ಸೊಸೆಯ ಮುಖಕ್ಕೆ ನೀರು ಎರಚುವ ದೃಶ್ಯ ಬಂದಾಗ, ಅಡುಗೆಮನೆಯತ್ತ ತಿರುಗಿ, "ಸುಭದ್ರಾ, ನಾ ಎಷ್ಟು ಚಲೋ ಅದೀನಿ ನೋಡು ಬಾ," ಅಂತ ಕರೆದಳು.

ಗುರುಸಿದ್ದಪ್ಪನ ಪಾಳಿಯೇ ಕಷ್ಟದ್ದು. ಅವನಿಗೆ ಮೊಣಕಾಲು ನೋವು. ಡಾಕ್ಟರು ನಿಧಾನವಾಗಿ ಮಾಡುವಂಥ ವ್ಯಾಯಾಮ ಮಾಡಿರಿ ಅಂದಿದ್ದರು. ಡಬ್ಬಿಯಲ್ಲಿ ಸರಿಯಾಗಿ ಅಂಥದೇ ಒಂದು ಡಿವಿಡಿ ಇತ್ತು. ಅದರ ಮೇಲೆ ಬಿಳಿ ಅಂಗಿಯ ಮುದುಕನೊಬ್ಬ ಒಂದು ಮೊಣಕಾಲು ಎತ್ತಿ, ಕೈಚಾಚಿ, ನೀರಿನೊಳಗೆ ನಿಂತವನ ಹಾಗೆ ನಿಂತಿದ್ದ. ಆ ಮುಖದಲ್ಲಿ ನೋವೆಂಬುದೇ ಇರಲಿಲ್ಲ. ಡಿವಿಡಿಯ ಕವರಿನ ಹಿಂದೆ ಸಣ್ಣ ಭೂಗೋಳದ ಚಿತ್ರದೊಳಗೆ ಆರು ಅಂತ ಇತ್ತು.

ಆರು ಅಂದರೆ ಚೀನಾ. ರಕ್ಷಣಾ ಕಾರ್ಖಾನೆಯ ನೌಕರನ ಮನೆಯ ಕಂಪ್ಯೂಟರ್ ಚೀನಾದಲ್ಲಿ ಇರುವುದು! ಗುರುಸಿದ್ದಪ್ಪನಿಗೆ ಊಟ ರುಚಿಸಲಿಲ್ಲ. ಮೊಣಕಾಲು ಹಿಡಿದುಕೊಂಡು ಯೋಚಿಸಿದ. ಕೊನೆಗೆ ಕಾರ್ಖಾನೆಯ ಭದ್ರತಾ ಅಧಿಕಾರಿಯ ಕೋಣೆಗೆ ತಾನೇ ಹೋಗಿ ನಿಂತ. ಅಧಿಕಾರಿ ನರಹರಿ ಬೀದರ ಕಡೆಯವರು, ನಿವೃತ್ತಿಗೆ ಹತ್ತಿರವಾದವರು. ತಪ್ಪೊಪ್ಪಿಕೊಳ್ಳಲು ತಾನಾಗಿ ಬಂದ ಮನುಷ್ಯನನ್ನು ಅವರು ತಮ್ಮ ಸರ್ವೀಸಿನಲ್ಲೇ ನೋಡಿರಲಿಲ್ಲ. ಕುರ್ಚಿ ಕೊಟ್ಟು ಕೂರಿಸಿದರು.

"ಸಾಹೇಬ್ರ, ನಮ್ಮನಿ ಕಂಪ್ಯೂಟರ್ ಚೀನಾಕ್ಕ ಹೋಗಬೇಕಾಗೈತ್ರಿ."

"ರಿಪೇರಿಗೇನು?"

"ಅಲ್ರಿ. ಮೊಣಕಾಲಿಗೆ."

ನರಹರಿ ಪೆನ್ನು ಕೆಳಗಿಟ್ಟರು. ಗುರುಸಿದ್ದಪ್ಪ ಮೊದಲಿನಿಂದ ಎಲ್ಲ ಹೇಳಿದ.

"ಕಂಪ್ಯೂಟರ್ ಒಂದೇ ಹೋಗತದೋ, ಕುಟುಂಬ ಸಮೇತೋ?"

"ಹೋಗೂದಿಲ್ರಿ ಸಾಹೇಬ್ರ. ಹಾಲಿನಾಗೇ ಇರತೈತಿ."

"ಹಾಲಿನಾಗೇ ಇರತದ, ಚೀನಾದಾಗೂ ಇರತದ."

"ಹೌದ್ರಿ."

ನರಹರಿ ಕಿಟಕಿಯ ಹೊರಗೆ ನೋಡಿದರು. ಅಂಗಳದಲ್ಲಿ ಕಾರ್ಖಾನೆಯ ಜೀಪು ಹೊಸ ಟಿಎಸ್ ನಂಬರ್ ಹೊತ್ತು ನಿಂತಿತ್ತು. "ಹಾಂ, ತಿಳೀತು," ಅಂದರು. "ನಾವು ಆಂಧ್ರದಾಗ ಮಲಗಿ ತೆಲಂಗಾಣದಾಗ ಎದ್ದೀವಲ್ಲ. ಪಲ್ಲಂಗ ಇದ್ದಲ್ಲೇ ಇತ್ತು. ಹಂಗ."

"ಥೇಟ್ ಹಂಗರಿ."

ತಿಳಿದ ಮೇಲೆ ನರಹರಿಯವರ ಚಿಂತೆ ಹೆಚ್ಚಾಯಿತು. ಆ ಕಾರ್ಖಾನೆಯ ನೌಕರರು ಪರದೇಶಕ್ಕೆ ಹೋಗುವುದಾದರೆ ಮೊದಲೇ ಒಪ್ಪಿಗೆ ಪಡೆಯಬೇಕಿತ್ತು. ನೌಕರ ಇಲ್ಲೇ ಇದ್ದು ಅವನ ಹಾಲಿನ ಮೂಲೆ ಹೋದರೆ ಏನು ಮಾಡಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ. ಬಹಳ ಹೊತ್ತು ಲೆಕ್ಕ ಹಾಕಿ ಶರತ್ತುಗಳನ್ನು ಹೇಳಿದರು. ಇಂಟರ್ನೆಟ್ಟಿನ ವೈರು ಕಿತ್ತಿರಬೇಕು. ಕಂಪ್ಯೂಟರಿನ ಮುಖ ಕಾರ್ಖಾನೆಯ ದಿಕ್ಕಿಗೆ ಇರಬಾರದು. ಚೀನಾದಲ್ಲಿ ಇರುವಷ್ಟು ದಿನ ಅದರ ಎದುರು ಯಾರೂ ಕಾರ್ಖಾನೆಯ ಮಾತು ಆಡಬಾರದು. ಬೇಗ ವಾಪಸ್ ಬರಬೇಕು.

"ಮತ್ತ ನಾ ಖುದ್ದು ಬಂದು ನೋಡತೀನಿ," ಅಂದರು. ಎದ್ದು ಬಾಗಿಲಿನವರೆಗೆ ಕುಂಟುತ್ತ ಬಂದು ದನಿ ತಗ್ಗಿಸಿದರು. "ನಂದೂ ಎಡಗಾಲು ಭಾಳ ಹಿಡದದ."

ಹೀಗೆ ಆ ಭಾನುವಾರ ಬೆಳಿಗ್ಗೆ ಸನತ್‌ನಗರದ ಆ ಹಾಲಿನಲ್ಲಿ ಕಿಟಕಿಯ ಪರದೆ ಎಳೆದು, ಕಂಪ್ಯೂಟರಿನ ಮುಖವನ್ನು ಬಚ್ಚಲುಮನೆಯ ಕಡೆ ತಿರುಗಿಸಿ, ನರಹರಿ ಮತ್ತು ಗುರುಸಿದ್ದಪ್ಪ ಬನಿಯನ್-ಪೈಜಾಮದಲ್ಲಿ ನಿಂತರು. ಲಹರಿ ಒತ್ತಿದಳು. "ಒಂದೇ ಉಳೀತು," ಅಂದಳು. ಬಿಳಿ ಅಂಗಿಯ ಮುದುಕ ನಿಧಾನವಾಗಿ ಕೈ ಎತ್ತಿದ. ಇಬ್ಬರೂ ಎತ್ತಿದರು. ಮುದುಕ ಗಾಳಿಯನ್ನು ತಳ್ಳಿದ. ಇಬ್ಬರೂ ತಳ್ಳಿದರು.

ಗೋದಾಬಾಯಿ ಕುರ್ಚಿಯಲ್ಲಿ ಕೂತು ನೋಡಿ ನೋಡಿ ಬೇಸತ್ತಳು. "ಇದೆಂಥಾ ಕುಸ್ತೀಪಾ? ಇಷ್ಟೊತ್ತಾತು, ಒಬ್ಬರನ್ನೊಬ್ಬರು ಮುಟ್ಟೇ ಇಲ್ಲ. ಸಾಹೇಬ್ರ, ನೀವ ದೊಡ್ಡವರದೀರಿ, ನೀವರೆ ಮೊದಲ ಹಿಡೀರಿ."

"ಅವ್ವಾ, ಸುಮ್ಮನಿರು. ಚೀನಾದಾಗ ಅದೀವಿ," ಅಂದ ಗುರುಸಿದ್ದಪ್ಪ, ಒಂದು ಕಾಲಿನ ಮೇಲೆ ನಿಂತುಕೊಂಡು.

ನರಹರಿ ಮರು ಭಾನುವಾರವೂ ಬಂದರು. ಅದರ ಮುಂದಿನ ಭಾನುವಾರವೂ ಬಂದರು. ಸುಭದ್ರಾಳ ಉಪ್ಪಿಟ್ಟು ತಿಂದು, ಕಂಪ್ಯೂಟರಿನ ಹಿಂದೆ ವೈರು ಕಿತ್ತೇ ಇದೆಯೇ ಅಂತ ಕೈಯಾಡಿಸಿ ನೋಡಿ ಹೋಗುತ್ತಿದ್ದರು. ಇಬ್ಬರ ಕಾಲೂ ಹಗುರವಾದವು. ಹಗುರವಾದ ಮೇಲೆ ನರಹರಿಯವರಿಗೆ ತಮ್ಮ ಹುದ್ದೆಯ ನೆನಪು ಬಂತು. "ಇನ್ನ ಸಾಕು ಗುರುಸಿದ್ದಪ್ಪ. ವಾಪಸ್ ಬರ್ರಿ," ಅಂದರು.

ವಾಪಸ್ ಬರುವುದು ಸುಲಭವಾಗಲಿಲ್ಲ. ಆ ಡ್ರೈವಿಗೆ ಒಂದು ಹಟವಿತ್ತು. ಯಾವ ಪ್ರದೇಶಕ್ಕೆ ಹೋಗಬೇಕೋ ಆ ಪ್ರದೇಶದ್ದೇ ಡಿಸ್ಕ್ ಬಾಯಲ್ಲಿದ್ದರೆ ಮಾತ್ರ ಬದಲಾಗುತ್ತಿತ್ತು. ಹೋಗುವಾಗ ಈ ತೊಡಕು ಗೊತ್ತಾಗಿರಲಿಲ್ಲ. ಈಗ ಲಹರಿ ಮನೆಯಲ್ಲಿದ್ದ ಕನ್ನಡ, ತೆಲುಗು, ಹಿಂದಿ ಡಿಸ್ಕುಗಳನ್ನೆಲ್ಲ ಒಂದೊಂದಾಗಿ ಹಚ್ಚಿದಳು. ಎಲ್ಲವೂ ಚೀನಾದಲ್ಲೇ ಸೊಗಸಾಗಿ ಓಡಿದವು.

"ಇವಕ್ಕ ಪ್ರದೇಶನ ಇಲ್ಲ ಅಪ್ಪಾ. ನಮ್ಮ ಮಂದಿ ಎಲ್ಲಾ ಕಡೆ ಓಡ್ಲಿ ಅಂತ ಬೇಲಿ ಇಲ್ಲದ ಮಾಡ್ಯಾರ. ಇಂಡಿಯಾದಾಗಷ್ಟೇ ಓಡೂದು ಒಂದರೆ ಬೇಕು."

ಗುರುಸಿದ್ದಪ್ಪ ವೈಜನಾಥನನ್ನು ಕರೆದುಕೊಂಡು ಕೋಠಿ ಸುತ್ತಿದ. ಹಳೇ ಪುಸ್ತಕದ ಅಂಗಡಿಗಳಲ್ಲಿ, ಫುಟ್‌ಪಾತಿನ ರಾಶಿಗಳಲ್ಲಿ ಡಿವಿಡಿಗಳನ್ನು ಮಗುಚಿ ಮಗುಚಿ ಭೂಗೋಳದ ಚಿತ್ರ ನೋಡಿದ. ಎಲ್ಲದರ ಮೇಲೂ 'ಎಲ್ಲ ಪ್ರದೇಶ'. ಒಬ್ಬ ಅಂಗಡಿಯವನು, "ಕ್ಯಾ ಹೋನಾ ಸಾಬ್, ಆಕ್ಷನ್ ಯಾ ಭಕ್ತಿ?" ಅಂತ ಕೇಳಿದ. "ಇಂಡಿಯಾದಾಗ ಮಾತ್ರ ಓಡೂದು ಬೇಕು," ಅಂತ ಇವನು ಹಿಂದಿಯಲ್ಲಿ ಹೇಳಿದ. ಅಂಗಡಿಯವನು ಅನುಮಾನದಿಂದ ನೋಡಿ, ಅಂಥದ್ದು ನಾವು ಇಡುವುದಿಲ್ಲ ಅಂತ ಒಳಗೆ ಹೋದ.

ಕೊನೆಗೆ ವೈಜನಾಥನಿಗೇ ಒಂದು ಸಿಕ್ಕಿತು. ಭೂಗೋಳದೊಳಗೆ ಒಂಟಿ ಐದು. ಡಿಸ್ಕ್ ರಷ್ಯಾದ್ದು, ರೈಲು ಎಂಜಿನ್ ರಿಪೇರಿ ಕಲಿಸುವಂಥದ್ದು. ಗುರುಸಿದ್ದಪ್ಪ ರಸ್ತೆಯಲ್ಲೇ ನಿಂತು ನರಹರಿಯವರಿಗೆ ಫೋನ್ ಮಾಡಿದ.

"ಸಾಹೇಬ್ರ, ರಷ್ಯಾ ಮ್ಯಾಲಿಂದ ಇಂಡಿಯಾಕ್ಕ ಬರಬೌದೇನ್ರಿ?"

"ರಷ್ಯಾ ಆದ್ರ ಪರವಾಗಿಲ್ಲ. ನಡುವ ಎಲ್ಲೂ ಇಳೀಬ್ಯಾಡ್ರಿ," ಅಂದರು ನರಹರಿ.

ಮರುದಿನ ಎಲ್ಲರೂ ಹಾಲಿನಲ್ಲಿ ಸೇರಿದರು. ಗುರುಸಿದ್ದಪ್ಪ ತೆಂಗಿನಕಾಯಿ ತಂದಿದ್ದ. ಲಹರಿ ರಷ್ಯಾದ ಡಿಸ್ಕನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಆಗ ಸುಭದ್ರಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ರಟ್ಟಿನ ಡಬ್ಬಿಯ ತಳದಿಂದ ಒಂದು ಡಿವಿಡಿ ತೆಗೆದು ಮಗಳ ಕೈಗೆ ಕೊಟ್ಟಳು.

"ಇದನ್ನ ಹಚ್ಚು."

ಅದರ ಮೇಲೆ ಗುಡ್ಡದ ಊರಿನ ಹೆಂಗಸೊಬ್ಬಳು ನೆಲದ ಮೇಲೆ ಕೂತಿದ್ದಳು. ಕಪ್ಪು ಟೋಪಿ, ಎರಡು ಜಡೆ. ಅವಳ ಸೊಂಟದ ಪಟ್ಟಿಗೆ ಕಟ್ಟಿದ ಬಣ್ಣದ ಎಳೆಗಳು ಎದುರಿನ ಮರದವರೆಗೆ ಬಿಗಿದಿದ್ದವು. ಲಹರಿ ತಿರುಗಿಸಿ ನೋಡಿದಳು. "ನಾಕನೇ ಪ್ರದೇಶ ಅವ್ವಾ. ಪೆರು ದೇಶದ್ದು. ಇದನ್ನ ಹಚ್ಚಿದ್ರ ನಾವು ಕಾಯಂ ಅಲ್ಲೇ."

"ಸುಭದ್ರಾ, ಏನ್ ಮಾತಿದು!" ಗುರುಸಿದ್ದಪ್ಪ ಎದ್ದು ನಿಂತ. "ವಾಪಸ್ ಬರಾಕ ಇದ್ದದ್ದು ಅದೊಂದ. ಸಾಹೇಬ್ರಿಗೆ ಮಾತು ಕೊಟ್ಟೀನಿ."

"ಅವ್ವಾರು ಜಪಾನಿಗೆ ಹೋಗಿಬಂದ್ರು. ಲಹರಿ ಕೊರಿಯಾಕ್ಕ. ನೀವು, ನಿಮ್ಮ ಸಾಹೇಬ್ರು ಚೀನಾಕ್ಕ. ನಾ ಎಲ್ಲರಿಗೂ ಉಪ್ಪಿಟ್ಟು ಮಾಡಿ ಹಾಕೀನಿ. ನನ್ನ ಪಾಳಿ ಯಾವಾಗ?"

"ಅಲ್ಲ ಮಾರಾಯ್ತೀ, ಅದರಾಗ ಏನೈತಿ ಅಂತ? ಭಾಷಾ ಬರೂದಿಲ್ಲ ಏನಿಲ್ಲ."

"ನೇಯಾಕ ಭಾಷಾ ಬೇಕೇನ್ರಿ? ನಾ ಇಳಕಲ್ಲಿನಾಕಿ. ನಮ್ಮವ್ವ ಸೀರಿ ಸೆರಗಿನ ಎಳಿಗೆ ಮೈಯ ಎಳಿ ಕೊಂಡಿ ಹಾಕೂದು ನೋಡಕೋತ ಬೆಳದಾಕಿ. ಈಕೀ ಕೈ ನೋಡ್ರಿ." ಸುಭದ್ರಾ ಚಿತ್ರದ ಮೇಲೆ ಬೆರಳಿಟ್ಟಳು. "ಎಳಿಗೆ ಎಳಿ ಹಂಗ ಕೊಂಡಿ ಹಾಕಾಕತ್ತಾಳ. ಆ ಊರಾಗ ಇದನ್ನ ಯಾರು ಕಲಿಸಿದ್ರು ಈಕೀಗೆ? ನನಗ ನೋಡಬೇಕು."

"ಮತ್ತ ವಾಪಸ್ ಬರೂದು?"

"ನಾ ಇಳಕಲ್ ಬಿಟ್ಟು ನಿಮ್ಮ ಮನಿಗೆ ಬಂದಾಗ ವಾಪಸ್ ಹೋಗಾಕ ಒಂದು ಅವಕಾಶ ಕೈಯಾಗ ಇಟಗೊಂಡು ಬಂದಿದ್ನೇನ್ರಿ?"

ಗುರುಸಿದ್ದಪ್ಪ ತೆಂಗಿನಕಾಯಿ ಹಿಡಿದೇ ನಿಂತಿದ್ದ. ಹೆಂಡತಿ ತನ್ನನ್ನು ಏನಾದರೂ ಕೇಳಿ ಎಷ್ಟು ಕಾಲವಾಯಿತು ಅಂತ ಯೋಚಿಸಿದರೆ ನೆನಪಿಗೆ ಬಂದದ್ದು ಕಾರ್ಖಾನೆಯ ಆ ಪ್ರಶ್ನೆ ಒಂದೇ. ಅದಕ್ಕೂ ಅವನು ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ.

"ಆಕೀ ಪಾಳಿ ಐತಿ," ಅಂದಳು ಗೋದಾಬಾಯಿ. "ಬಿಡಪಾ ಆಕೀನ."

ಗುರುಸಿದ್ದಪ್ಪ ಬಾಗಿಲಿಗೆ ಹೋಗಿ ಕಾಯಿ ಒಡೆದು ಬಂದ. "ಒತ್ತು," ಅಂದ ಮಗಳಿಗೆ. ಲಹರಿ ಒತ್ತಲಿಲ್ಲ, ಎದ್ದು ಜಾಗ ಬಿಟ್ಟಳು. ಸುಭದ್ರಾ ಕುರ್ಚಿಯಲ್ಲಿ ಕೂತು, ಮೌಸ್ ಹಿಡಿದು, ಬಾಣ ಎಲ್ಲಿದೆ ಅಂತ ಕೇಳಿ ತಿಳಿದುಕೊಂಡು ಒತ್ತಿದಳು. ಬದಲಾವಣೆ ಶಾಶ್ವತ, ಒಪ್ಪಿಗೆಯೇ ಅಂತ ಕಂಪ್ಯೂಟರ್ ಇನ್ನೊಮ್ಮೆ ಕೇಳಿತು. ಇನ್ನೊಮ್ಮೆ ಒತ್ತಿದಳು. ಗುಡ್ಡ ಬಂತು, ಕುರಿ ಬಂದವು, ಟೋಪಿಯ ಹೆಂಗಸು ಬಂದು ಕಾಲು ಚಾಚಿ ಕೂತು ಕೆಲಸ ಶುರು ಮಾಡಿದಳು. ಸುಭದ್ರಾಳ ಬೆರಳುಗಳು ಮೇಜಿನ ಅಂಚಿನ ಮೇಲೆ ತಾವಾಗಿ ಆಡತೊಡಗಿದವು.

ಸೋಮವಾರ ಗುರುಸಿದ್ದಪ್ಪ ಭದ್ರತಾ ಅಧಿಕಾರಿಯ ಎದುರು ತಲೆ ತಗ್ಗಿಸಿ ನಿಂತ. "ಸಾಹೇಬ್ರ, ಇಂಡಿಯಾಕ್ಕ ಬರೂದು ಆಗಲಿಲ್ರಿ. ದಕ್ಷಿಣ ಅಮೆರಿಕದಾಗ ಕಾಯಂ ಆಗೈತ್ರಿ."

ನರಹರಿ ಗೋಡೆಯ ಮೇಲಿನ ಜಗತ್ತಿನ ನಕ್ಷೆಯ ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದರು. ಹೈದರಾಬಾದಿನಿಂದ ಅಲ್ಲಿಯವರೆಗೆ ಗೇಣು ಹಾಕಿ ಅಳೆದರು. "ದೂರದ. ನಮಗ ಅವರಿಗಿ ಜಗಳಿಲ್ಲ," ಅಂದರು. "ಖರೇ, ನನ್ನ ಕಾಲಿಗಿ ಇನ್ನೇನು ಮಾಡೂದು?"

"ಬಾಯಿಪಾಠ ಆಗೈತಲ್ರಿ ಸಾಹೇಬ್ರ. ಭಾನುವಾರ ಬರ್ರಿ, ಡಿಸ್ಕ್ ಇಲ್ಲದ ಮಾಡೂಣು."

ಆ ಭಾನುವಾರ ನರಹರಿ ಬಂದಾಗ ಹಾಲಿನಲ್ಲಿ ನಿಲ್ಲಲು ಜಾಗವೇ ಇರಲಿಲ್ಲ. ಕಿಟಕಿಯ ಸರಳಿನಿಂದ ಕೆಂಪು, ಹಳದಿ ಎಳೆಗಳು ಬಿಗಿಯಾಗಿ ಹೊರಟು ನಡುಮನೆಯಲ್ಲಿ ಕೂತಿದ್ದ ಸುಭದ್ರಾಳ ಸೊಂಟಕ್ಕೆ ಬಂದು ಸೇರಿದ್ದವು. ಅವಳು ಹಿಂದೆ ವಾಲಿದರೆ ಎಳೆ ಬಿಗಿಯುತ್ತಿದ್ದವು, ಮುಂದೆ ಬಾಗಿದರೆ ಸಡಿಲಾಗುತ್ತಿದ್ದವು. ಗೋದಾಬಾಯಿ ಪಕ್ಕದಲ್ಲಿ ಕೂತು ದಾರದ ಉಂಡೆ ಸುತ್ತುತ್ತಿದ್ದಳು.

"ಬರ್ರಿ ಸಾಹೇಬ್ರ," ಅಂದಳು ಸುಭದ್ರಾ, ಕೈಯ ಕೆಲಸದಿಂದ ಕಣ್ಣು ತೆಗೆಯದೆ. "ಸ್ವಲ್ಪ ಬಗ್ಗಿ ಬರ್ರಿ. ಇವತ್ತು ಉಪ್ಪಿಟ್ಟು ಇವರು ಮಾಡಾಕತ್ತಾರ."

ನರಹರಿ ಎಳೆಗಳ ಕೆಳಗೆ ಬಗ್ಗಿ ಒಳಗೆ ಬಂದರು. ಅಡುಗೆಮನೆಯಿಂದ ಗುರುಸಿದ್ದಪ್ಪ, ಸಾಸಿವೆ ಯಾವ ಡಬ್ಬಿಯಲ್ಲಿದೆ ಅಂತ ಕೂಗಿ ಕೇಳುತ್ತಿದ್ದ.